ನದಿಗೆ ಹೆಸರು ಕೊಟ್ಟ ಊರು

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಧ್ಯಾಪಕನ ತಪ್ಪು ಅವನೊಡನೆ ಮುಗಿಯುವುದಿಲ್ಲ. ಅದು ಶಿಷ್ಯರ ಟಿಪ್ಪಣಿ ಪುಸ್ತಕವನ್ನು ಸೇರುತ್ತದೆ. ಆ ಶಿಷ್ಯರೇ ಅಧ್ಯಾಪಕರಾದಾಗ ಅವರ ಶಿಷ್ಯರಿಗೂ ಇಳಿಯುತ್ತದೆ. ಅಂಥ ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಈ ಹೊತ್ತಿನ ಮಾತನ್ನು ಆರಂಭಿಸುತ್ತೇನೆ.

ಭಾಷಾವಿಜ್ಞಾನದ ತರಗತಿಯಲ್ಲಿ ಸ್ಥಳನಾಮಗಳ ವಿಚಾರ ಬಂದಾಗಲೆಲ್ಲ, ನದಿಯ ಹೆಸರಿನಿಂದ ಊರಿನ ಹೆಸರು ಹುಟ್ಟುವುದಕ್ಕೆ ನಾನು ಎರಡು ಉದಾಹರಣೆಗಳನ್ನು ಕೊಡುತ್ತಿದ್ದೆ. ಒಂದು ನಮ್ಮದು: ಪಂಪಾನದಿಯ ದಡದ ಹಂಪೆ. ಹಳಗನ್ನಡದ ಪಕಾರ ಹಕಾರವಾಗಿ, ಪಾಲು ಹಾಲಾದಂತೆ ಪಂಪೆ ಹಂಪೆಯಾಯಿತು. ಇನ್ನೊಂದು ಇಂಗ್ಲೆಂಡಿನದು: ಕ್ಯಾಮ್ ಎಂಬುದು ನದಿ, ಬ್ರಿಜ್ ಎಂದರೆ ಸೇತುವೆ, ಎರಡೂ ಸೇರಿ ಕೇಂಬ್ರಿಜ್. ವಿದ್ಯಾರ್ಥಿಗಳು ತಲೆದೂಗಿ ಬರೆದುಕೊಳ್ಳುತ್ತಿದ್ದರು. ಉತ್ತರಪತ್ರಿಕೆಯಲ್ಲಿ ಅದನ್ನೇ ಬರೆದವರಿಗೆ ನಾನು ಪೂರ್ಣ ಅಂಕಗಳನ್ನೂ ಕೊಟ್ಟಿದ್ದೇನೆ. ಮೊದಲನೆಯ ಉದಾಹರಣೆಯ ಬಗೆಗೆ ನನಗೆ ಈಗಲೂ ಅಳುಕಿಲ್ಲ. ಎರಡನೆಯದು ಮಾತ್ರ ಪೂರ್ತಿ ತಲೆಕೆಳಗು. ಕ್ಯಾಮ್ ನದಿಯಿಂದ ಕೇಂಬ್ರಿಜ್ ಎಂಬ ಹೆಸರು ಬರಲಿಲ್ಲ. ಕೇಂಬ್ರಿಜ್ ಎಂಬ ಹೆಸರಿನಿಂದ ಕ್ಯಾಮ್ ಎಂಬ ನದಿಯ ಹೆಸರು ಬಂದಿತು.

ಇದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಒಂದು ದಿನ ಕೇಂಬ್ರಿಜನ್ನು ನೋಡಲು ಹೋದಾಗ. ಮಾಡ್ಲಿನ್ ಕಾಲೇಜಿನ ಪಕ್ಕದ ಸೇತುವೆಯ ಮೇಲೆ ನಿಂತಿದ್ದೆವು. ಕೆಳಗೆ ನಮ್ಮ ಕಡೆಯ ದೊಡ್ಡ ನಾಲೆಯಷ್ಟೇ ಅಗಲದ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹೊಳೆ. ಅದರಲ್ಲಿ ಉದ್ದನೆಯ ಗಳುವನ್ನು ಊರಿ ನೂಕುವ ಚಪ್ಪಟೆ ತಳದ ದೋಣಿಗಳು. “ಇದೇ ಏನಮ್ಮ ಆ ಕ್ಯಾಮ್ ನದಿ?” ಎಂದು ಕೇಳಿದೆ. “ಹೌದಪ್ಪ. ಆದರೆ ಊರಿನಿಂದ ಮೇಲಕ್ಕೆ ಇದನ್ನೇ ಗ್ರಾಂಟ ಅಂತಲೂ ಕರೆಯುತ್ತಾರೆ” ಎಂದಳು. ಒಂದೇ ಹೊಳೆಗೆ ಎರಡು ಹೆಸರೇಕೆ ಎಂಬ ಪ್ರಶ್ನೆ ನನ್ನ ಬೆನ್ನು ಹತ್ತಿತು. ಊರಿಗೆ ಹಿಂದಿರುಗಿದ ಮೇಲೆ, ಪಿ. ಎಚ್. ರೀನೀ ಎಂಬ ವಿದ್ವಾಂಸರು 1943ರಲ್ಲಿ ಹೊರತಂದ, ಆ ಸೀಮೆಯ ಸ್ಥಳನಾಮಗಳನ್ನು ಕುರಿತ ಗ್ರಂಥವನ್ನು ಸಂಪಾದಿಸಿ ಓದಿದೆ. ನನ್ನ ಮೂವತ್ತು ವರ್ಷಗಳ ಉದಾಹರಣೆ ಒಂದೇ ಸಂಜೆಯಲ್ಲಿ ಕುಸಿಯಿತು. ಆದರೆ ಅದರ ಜಾಗದಲ್ಲಿ ಅದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಕಥೆ ದೊರಕಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಫೆನ್ ಎಂಬ ವಿಸ್ತಾರವಾದ ಜೌಗುಸೀಮೆಯಿದೆ. ಕಾಲುವೆಗಳನ್ನು ತೋಡಿ ಅದರ ನೀರನ್ನು ಬಸಿಯುವುದಕ್ಕೆ ಮುಂಚೆ ಅದನ್ನು ದಾಟುವುದೇ ಕಷ್ಟವಾಗಿತ್ತು. ಆ ಜೌಗು ಮುಗಿದು ಹೊಳೆಯ ಎರಡೂ ದಡಗಳಲ್ಲಿ ಗಟ್ಟಿನೆಲ ಸಿಗುವ ಜಾಗದಲ್ಲಿ, ಉತ್ತರದ ಮಗ್ಗುಲಿಗೆ ಒಂದು ದಿಣ್ಣೆಯಿದೆ. ದಾರಿ ಬಂದು ಹೊಳೆಯನ್ನು ದಾಟಬೇಕಾದದ್ದು ಅಲ್ಲಿಯೇ. ದೋಣಿ ಬಂದು ಸರಕು ಇಳಿಸಬೇಕಾದದ್ದೂ ಅಲ್ಲಿಯೇ. ಊರು ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಡ.

ಆ ದಿಣ್ಣೆಯ ಮೇಲೆ ರೋಮನ್ನರು ಒಂದು ಪುಟ್ಟ ಪಟ್ಟಣವನ್ನು ಕಟ್ಟಿದ್ದರು. ಅವರ ಕಾಲದ ಮಾರ್ಗಸೂಚಿಯೊಂದರಲ್ಲಿ ಬರುವ ಡ್ಯುರೊಲಿಪೋಂಟೆ ಎಂಬ ಹೆಸರು ಈ ಊರಿನದೇ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ಅಭಿಪ್ರಾಯ. ಆ ಹೆಸರಿನ ಕೊನೆಯ ಭಾಗ ಸೇತುವೆ ಎಂಬರ್ಥದ ಲ್ಯಾಟಿನ್ ಪದದಂತೆಯೇ ಕಾಣುತ್ತದೆ. 5ನೆಯ ಶತಮಾನದ ಆರಂಭದಲ್ಲಿ ರೋಮನ್ನರ ಆಳ್ವಿಕೆ ಕೊನೆಗೊಂಡಿತು. ಆ ಹೆಸರೂ ಅವರೊಡನೆ ಹೋಯಿತು. ಹೊಸದಾಗಿ ಬಂದು ನೆಲಸಿದ ಆಂಗ್ಲೋ-ಸ್ಯಾಕ್ಸನ್ ಜನ ಅದನ್ನು ಉಳಿಸಿಕೊಳ್ಳಲಿಲ್ಲ.

ಮುಂದಿನ ಹೆಸರು ನಮಗೆ ಸಿಗುವುದು ಬೀಡ್ ಎಂಬ ಸಂನ್ಯಾಸಿ 731ರಲ್ಲಿ ಮುಗಿಸಿದ ಇಂಗ್ಲಿಷ್ ಜನರ ಧರ್ಮೇತಿಹಾಸದಲ್ಲಿ. ಅವನು ಹೇಳುವ ಪ್ರಸಂಗ 695ರದು. ಈಲಿ ಎಂಬ ಮಠದ ಸ್ಥಾಪಕಿ ಎಥೆಲ್‌ಡ್ರೀಡ ತೀರಿಕೊಂಡು ಹದಿನಾರು ವರ್ಷಗಳಾಗಿದ್ದುವು. ಆಕೆಯ ತರುವಾಯ ಮಠಾಧಿಕಾರ ವಹಿಸಿಕೊಂಡಿದ್ದ ಸೋದರಿ, ಆಕೆಯ ಅವಶೇಷಗಳನ್ನು ಕಲ್ಲಿನ ಸಂಪುಟದಲ್ಲಿರಿಸಿ ಇಗರ್ಜಿಯೊಳಕ್ಕೆ ತರಬೇಕೆಂದು ಬಯಸಿದಳು. ಈಲಿ ಸುತ್ತಲೂ ನೀರು, ಜೌಗು. ದೊಡ್ಡ ಕಲ್ಲು ಅಲ್ಲಿ ಸಿಗದು. ಆದುದರಿಂದ ಮಠದವರು ದೋಣಿಯೇರಿ ಕಲ್ಲನ್ನು ಹುಡುಕುತ್ತ ಹೊರಟು, ಪಾಳುಬಿದ್ದ ಒಂದು ಸಣ್ಣ ಕೋಟೆಯೂರಿಗೆ ಬಂದರು. ಅದರ ಗೋಡೆಯ ಬಳಿ ಬಿಳಿಯ ಅಮೃತಶಿಲೆಯ, ಮುಚ್ಚಳವೂ ಸೊಗಸಾಗಿ ಕೂಡುವ ಶವಸಂಪುಟವೊಂದು ಅವರಿಗೆ ದೊರೆಯಿತು. ಆ ಪಾಳೂರಿನ ಹೆಸರನ್ನು ಬೀಡ್ ಗ್ರಾಂಟಚೆಸ್ಟಿರ್ ಎಂದು ಕೊಡುತ್ತಾನೆ. ಗ್ರಾಂಟ ಎಂಬುದು ಹೊಳೆ. ಚೆಸ್ಟಿರ್ ಎಂಬುದು ರೋಮನ್ನರ ಕಾಲದ ಕೋಟೆಯೂರುಗಳಿಗೆ ಆ ಜನ ಇಟ್ಟುಕೊಂಡಿದ್ದ ಹೆಸರು. ಜಗತ್ತಿನ ವಿದ್ಯಾಕೇಂದ್ರಗಳಲ್ಲಿ ಒಂದಾಗಲಿದ್ದ ಊರು ಬರೆಹದಲ್ಲಿ ಮೊದಲು ಕಾಣಿಸಿಕೊಳ್ಳುವುದು ಹೀಗೆ: ಜನವಿಲ್ಲದ ಹಾಳು, ಕಲ್ಲು ಆಯ್ದುಕೊಳ್ಳುವ ಜಾಗ.

ಹಾಳೂರಿಗೆ ಜೀವ ಬಂದದ್ದು ಸೇತುವೆಯಿಂದ. 875ರಲ್ಲಿ ಡೇನರ ಸೈನ್ಯವೊಂದು ತನ್ನ ಮೂವರು ಅರಸರೊಡನೆ ಬಂದು ಇಲ್ಲಿ ಒಂದು ವರ್ಷ ಬೀಡುಬಿಟ್ಟಿತೆಂದು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಹೇಳುತ್ತದೆ. ಅಲ್ಲಿ ಊರಿನ ಹೆಸರು ಗ್ರಾಂಟಬ್ರಿಜ್. ಗಮನಿಸಿ: ಹೊಳೆಯ ಹೆಸರು ಹಾಗೆಯೇ ಇದೆ, ‘ಕೋಟೆ’ ಹೋಗಿ ‘ಸೇತುವೆ’ ಬಂದಿದೆ. ಇಂಥ ಹೆಸರನ್ನು ಅರಸರು ಆಲೋಚಿಸಿ ಇಡುವುದಿಲ್ಲ. ಗಾಡಿ ಹೊಡೆಯುವವರು, ದೋಣಿ ನಡೆಸುವವರು, ಸಂತೆಗೆ ಹೋಗುವವರು ‘ಸೇತುವೆ ಹತ್ತಿರ’ ಎಂದು ಹೇಳಿ ಹೇಳಿ ಅದು ಊರ ಹೆಸರಾಗಿ ನಿಲ್ಲುತ್ತದೆ. 1010ರಲ್ಲಿ ಡೇನರು ಇದೇ ಊರನ್ನು ಸುಟ್ಟರು. ಊರು ಮತ್ತೆ ಎದ್ದಿತು. ಸಂತ ಬೆನೆಟ್ಟನ ಇಗರ್ಜಿಯ ಗೋಪುರ ಸ್ಯಾಕ್ಸನ್ನರ ಕಾಲದ್ದು. ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಸುಮಾರು ಇನ್ನೂರು ವರ್ಷ ಮುಂಚಿನಿಂದ ಅದು ಅಲ್ಲಿಯೇ ನಿಂತಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. 1068ರಲ್ಲಿ ವಿಲಿಯಮ್ ದೊರೆ ದಿಣ್ಣೆಯ ಮೇಲೆ ಕೋಟೆಯನ್ನು ಕಟ್ಟಿಸಿದ. ಅದಕ್ಕಾಗಿ 27 ಮನೆಗಳನ್ನು ಕೆಡವಿದರೆಂದು 1086ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ದಾಖಲಾಗಿದೆ. ಅದೇ ಪುಸ್ತಕದಲ್ಲಿ ಊರವರ ದೂರೂ ಇದೆ: ಹಿಂದಿನ ದೊರೆಯ ಕಾಲದಲ್ಲಿ ಶೆರೀಫನಿಗೆ ನಾವು ವರ್ಷಕ್ಕೆ ಮೂರು ಬಾರಿ ನೇಗಿಲುಗಳನ್ನು ಕೊಡುತ್ತಿದ್ದೆವು, ಈಗ ಒಂಬತ್ತು ಬಾರಿ ಕೇಳುತ್ತಾನೆ, ನಮ್ಮ ಗೋಮಾಳವನ್ನೂ ಕಿತ್ತುಕೊಂಡಿದ್ದಾನೆ ಎಂದು. ಆ ಶೆರೀಫನ ಹೆಸರು ಪೀಕೋ. ಆ ಪುಸ್ತಕದಲ್ಲಿಯೂ ಊರು ಇನ್ನೂ ಗ್ರೆಂಟೆಬ್ರಿಜ್ ಆಗಿಯೇ ಇದೆ.

ಹೆಸರು ಬದಲಾದದ್ದು ಆಮೇಲಿನ ಇನ್ನೂರು ಮುನ್ನೂರು ವರ್ಷಗಳಲ್ಲಿ, ಫ್ರೆಂಚ್ ಆಡುವ ನಾರ್ಮನ್ನರ ಬಾಯಲ್ಲಿ. ಗ್ರಾಂಟೆಬ್ರಿಜ್ ಎಂಬ ಪದದಲ್ಲಿ ಎರಡು ರೇಫಗಳಿವೆ, ಎರಡೂ ಒತ್ತಕ್ಷರಗಳಾಗಿ. ಹತ್ತಿರ ಹತ್ತಿರ ಎರಡು ರೇಫಗಳು ಬಂದಾಗ ನಾಲಗೆ ಒಂದನ್ನು ಬಿಟ್ಟುಕೊಡುವುದು ಅನೇಕ ಭಾಷೆಗಳಲ್ಲಿ ಕಾಣುವ ಸಂಗತಿ. ಮೊದಲನೆಯ ರೇಫ ಬಿದ್ದು, ಗಕಾರ ಕಕಾರವಾಗಿ, ಪದ ಕಾಂಟೆಬ್ರಿಜ್ ಎಂದಾಯಿತು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ತನ್ನ ಕಥೆಯೊಂದರಲ್ಲಿ ಬಳಸುವುದು ಈ ರೂಪವನ್ನೇ. ಬಳಿಕ ನಡುವಿನ ಟಕಾರ ಸವೆಯಿತು. ನಕಾರ ಬಕಾರದ ಪಕ್ಕಕ್ಕೆ ಬಂದಿತು. ಬಕಾರದ ಹಿಂದೆ ನಿಂತ ಅನುನಾಸಿಕ ಮಕಾರವಾಗುವುದನ್ನು ನಮ್ಮ ವ್ಯಾಕರಣ ಓದಿದವರಿಗೆ ನಾನು ಹೇಳಬೇಕಾಗಿಲ್ಲ. ಕಾಂಟೆಬ್ರಿಜ್ ಹೀಗೆ ಕಾಂಬ್ರಿಜ್ ಆಗಿ, ಕೊನೆಗೆ ಇಂದಿನ ಕೇಂಬ್ರಿಜ್ ಆಯಿತು. ಲ್ಯಾಟಿನ್ ಬರೆಯುವವರು ಮಾತ್ರ ನಡುವಿನ ರೂಪವನ್ನೇ ಹಿಡಿದು ಕಾಂಟಬ್ರಿಜಿಯ ಎಂದು ಬರೆದರು. ಕೇಂಬ್ರಿಜಿನ ಪದವೀಧರರು ತಮ್ಮ ಹೆಸರಿನ ಮುಂದೆ ಹಾಕಿಕೊಳ್ಳುವ ‘ಕ್ಯಾಂಟಬ್’ ಎಂಬುದು ಅದರ ಮೊಟಕು. ಜನ ಎಂದೋ ಬಿಟ್ಟ ಉಚ್ಚಾರಣೆ ಹೀಗೆ ಪದವಿಯ ಬಾಲದಲ್ಲಿ ಉಳಿದಿದೆ.

ಈಗ ನದಿಯ ವಿಚಾರ. ಊರಿನ ಹೆಸರು ಹೀಗೆ ಮಾರ್ಪಡುತ್ತಿದ್ದಾಗ ಹೊಳೆ ತನ್ನ ಪಾಡಿಗೆ ಗ್ರಾಂಟವಾಗಿಯೇ ಹರಿಯುತ್ತಿತ್ತು. ಗ್ರಾಂಟ ಎಂಬ ಹೊಳೆಗೂ ಕೇಂಬ್ರಿಜ್ ಎಂಬ ಊರಿಗೂ ಇದ್ದ ನಂಟು ಕಾಲಕ್ರಮದಲ್ಲಿ ಕಿವಿಗೆ ಕೇಳಿಸದಾಯಿತು. ಆಗ ಜನ ಏನು ಮಾಡಿದರು? ನಾನು ತರಗತಿಯಲ್ಲಿ ಮಾಡಿದ್ದನ್ನೇ ಮಾಡಿದರು. ಕೇಂಬ್ರಿಜ್ ಎಂದರೆ ಕ್ಯಾಮ್ ಎಂಬುದರ ಮೇಲಿನ ಬ್ರಿಜ್ ಎಂದು ಬಿಡಿಸಿ, ಹಾಗಾದರೆ ಹೊಳೆಯ ಹೆಸರು ಕ್ಯಾಮ್ ಆಗಿರಬೇಕೆಂದು ನಿರ್ಣಯಿಸಿದರು. 16ನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಹೆಸರು ಬಳಕೆಗೆ ಬಂದಿತ್ತು. ಒಂದು ಸಣ್ಣ ಸಾಕ್ಷ್ಯವನ್ನು ನಿಮ್ಮ ಕಿವಿಯೇ ಹೇಳೀತು. ಊರಿನ ಹೆಸರಿನ ಮೊದಲಕ್ಷರ ‘ಕೇ’, ನದಿಯದು ‘ಕ್ಯಾ’. ನದಿಯಿಂದ ಊರು ಬಂದಿದ್ದರೆ ಈ ಎರಡು ಸ್ವರಗಳು ಬೇರೆಯಾಗಲು ಕಾರಣವಿರಲಿಲ್ಲ. ಇಂಗ್ಲಿಷಿನಲ್ಲಿ ಎರಡನ್ನೂ ಬರೆಯುವ ಅಕ್ಷರಗಳು ಒಂದೇ ಆದುದರಿಂದ, ನದಿಯ ಹೆಸರು ಬರೆಹವನ್ನು ನೋಡಿ ಮಾಡಿಕೊಂಡದ್ದೆಂದು ತೋರುತ್ತದೆ. ಗ್ರಾಂಟ ಎಂಬ ಹಳೆಯ ಹೆಸರು ಊರಿನ ಮೇಲ್ಗಡೆಯ ಹೊಳೆಗೆ ಇಂದಿಗೂ ಉಳಿದಿದೆ.

ಇನ್ನೊಂದು ಎಡವುಗಲ್ಲನ್ನೂ ಇಲ್ಲಿಯೇ ತೋರಿಸಿಬಿಡುತ್ತೇನೆ. ಕೇಂಬ್ರಿಜಿನ ಪಕ್ಕದಲ್ಲಿ ಗ್ರಾಂಟ್‌ಚೆಸ್ಟರ್ ಎಂಬ ಚೆಲುವಾದ ಹಳ್ಳಿಯಿದೆ. ಬೀಡ್ ಹೇಳಿದ ಗ್ರಾಂಟಚೆಸ್ಟಿರ್ ಅದೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಡೂಮ್ಸ್‌ಡೇ ಪುಸ್ತಕದಲ್ಲಿ ಆ ಹಳ್ಳಿಯ ಹೆಸರು ಗ್ರಾಂಟಸೇಟ, ಎಂದರೆ ಗ್ರಾಂಟ ಹೊಳೆಯ ದಡದಲ್ಲಿ ನೆಲಸಿದವರು ಎಂದಷ್ಟೆ. ‘ಚೆಸ್ಟರ್’ ಎಂಬುದು ಆಮೇಲೆ ಬಂದು ಅಂಟಿಕೊಂಡದ್ದು. ಹೀಗೆ ಹಳೆಯ ಹೆಸರಿನಂತೆ ಕಾಣುವ ಊರು ಅದಲ್ಲ; ಆ ಹೆಸರಿನ ಲವಲೇಶವೂ ಕಾಣದ ಊರೇ ಅದು. ಹೆಸರುಗಳನ್ನು ಕಣ್ಣಿನಿಂದ ನೋಡಿ ನಂಬಬಾರದು. ಅವುಗಳ ಹಳೆಯ ರೂಪಗಳನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಬೇಕು.

ಇಲ್ಲಿಯವರೆಗೆ ನಾನು ವಿಶ್ವವಿದ್ಯಾನಿಲಯದ ಮಾತನ್ನೇ ಎತ್ತಲಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಎತ್ತುವಂತಿರಲಿಲ್ಲ, ಅದು ಇನ್ನೂ ಹುಟ್ಟಿರಲಿಲ್ಲ. 1201ರಲ್ಲಿ ಜಾನ್ ದೊರೆ ಈ ಊರಿನ ವರ್ತಕರಿಗೆ ತಮ್ಮದೇ ಆದ ಸಂಘವನ್ನು ನಡೆಸುವ ಸನದನ್ನು ಕೊಟ್ಟ. ಆ ಶತಮಾನದ ಆರಂಭದಲ್ಲಿಯೇ, ಊರ ಹೊರಗಿನ ಕುಷ್ಠರೋಗಿಗಳ ಆಸ್ಪತ್ರೆಗೆ ನೆರವಾಗಲೆಂದು ಸ್ಟೂರ್‌ಬ್ರಿಜ್ ಎಂಬಲ್ಲಿ ಜಾತ್ರೆ ನಡೆಸಲೂ ಅವನಿಂದ ಅಪ್ಪಣೆಯಾಯಿತು. ಆ ಜಾತ್ರೆ ಬೆಳೆದು ಇಂಗ್ಲೆಂಡಿನ ಅತಿ ದೊಡ್ಡ ಜಾತ್ರೆಗಳಲ್ಲಿ ಒಂದಾಯಿತು. 1933ರಲ್ಲಿ ಅದು ನಿಂತುಹೋಯಿತು. ಆದರೆ ಆ ಬಯಲಿನ ಬೀದಿಗಳಿಗೆ ಬೆಳ್ಳುಳ್ಳಿ ಸಾಲು, ಸಿಂಪಿಮೀನಿನ ಸಾಲು, ಜವಳಿಯವರ ಸಾಲು ಎಂಬರ್ಥದ ಹೆಸರುಗಳು ಇಂದಿಗೂ ಇವೆ. ಊರೊಳಗಿನ ಪೆಟಿ ಕ್ಯೂರಿ ಎಂಬ ಬೀದಿಯ ಹೆಸರಿಗೆ ಅಡುಗೆಯವರ ಚಿಕ್ಕ ಬೀದಿ ಎಂದರ್ಥ.

ಈ ವ್ಯಾಪಾರದ ಊರಿಗೆ 1209ರಲ್ಲಿ ಆಕ್ಸ್‌ಫರ್ಡಿನಿಂದ ಕೆಲವು ಗುರುಶಿಷ್ಯರು ಓಡಿಬಂದರು. ಅಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಿತ್ತು. ಕೊಂದವನೆಂದು ಆರೋಪ ಹೊತ್ತ ವಿದ್ಯಾರ್ಥಿ ಸಿಕ್ಕದೆ ಹೋದಾಗ ಊರವರು ಅವನ ಜೊತೆಗಾರರನ್ನು ಹಿಡಿದು ಗಲ್ಲಿಗೇರಿಸಿದರು. ಹೆದರಿದ ವಿದ್ವಾಂಸರು ದಿಕ್ಕಾಪಾಲಾದರು. ಅವರಲ್ಲಿ ಕೆಲವರು ಸೇತುವೆಯ ಊರಿಗೆ ಬಂದು, ಬಾಡಿಗೆ ಮನೆಗಳಲ್ಲಿ ಪಾಠ ಆರಂಭಿಸಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಹುಟ್ಟು ಇದು. ಅದರ ಮೊದಲ ಕಾಲೇಜು ಪೀಟರ್‌ಹೌಸ್, 1284ರಲ್ಲಿ ಈಲಿಯ ಬಿಷಪ್ ಸ್ಥಾಪಿಸಿದ್ದು.

ಆಶ್ರಯ ಬೇಡಿ ಬಂದವರು ಬೇಗನೆ ಊರಿನ ಯಜಮಾನರಾದರು. 1231ರ ಹೊತ್ತಿಗೆ, ವಿದ್ಯಾರ್ಥಿಗಳ ಮನೆಬಾಡಿಗೆಯನ್ನು ಊರವರು ತಮ್ಮ ಇಷ್ಟದಂತೆ ಗೊತ್ತುಮಾಡಕೂಡದೆಂದು ಮೂರನೆಯ ಹೆನ್ರಿ ದೊರೆಯ ಆಜ್ಞೆಯಾಯಿತು. 14ನೆಯ ಶತಮಾನದಿಂದ 19ನೆಯ ಶತಮಾನದ ನಡುಗಾಲದವರೆಗೆ, ಊರಿನ ಮೇಯರು ಅಧಿಕಾರ ವಹಿಸಿಕೊಳ್ಳುವಾಗ ವಿಶ್ವವಿದ್ಯಾನಿಲಯದ ಹಕ್ಕುಗಳನ್ನು ಕಾಪಾಡುವೆನೆಂದು ಪ್ರಮಾಣ ಮಾಡಬೇಕಾಗಿತ್ತು. 1381ರ ರೈತರ ದಂಗೆಯ ಕಾಲದಲ್ಲಿ ಒಳಗೊಳಗೇ ಕುದಿಯುತ್ತಿದ್ದುದು ಹೊರಕ್ಕೆ ಉಕ್ಕಿತು. ಊರವರು ವಿಶ್ವವಿದ್ಯಾನಿಲಯದ ಸನದುಗಳನ್ನೂ ಪತ್ರಗಳನ್ನೂ ಹೊತ್ತು ತಂದು ಮಾರುಕಟ್ಟೆಯ ಚೌಕದಲ್ಲಿ ಸುಟ್ಟರು. ಮಾರ್ಜರಿ ಸ್ಟಾರ್ ಎಂಬ ಮುದುಕಿ ಆ ಬೂದಿಯನ್ನು ಗಾಳಿಗೆ ತೂರುತ್ತ, ಪಂಡಿತರ ವಿದ್ಯೆ ತೊಲಗಲಿ ಎಂಬಂತೆ ಕೂಗಿದಳೆಂದು ಹೇಳುತ್ತಾರೆ. ಪುಸ್ತಕ, ಪತ್ರಗಳ ನಡುವೆಯೇ ಬಾಳು ಸವೆಸಿದ ನನಗೆ ಈ ಪ್ರಸಂಗವನ್ನು ಓದುವಾಗ ಎದೆ ನಡುಗಿತು. ಆದರೆ ವಿದ್ಯೆಯೆಂಬುದು ಆ ಮುದುಕಿಯ ಬಾಳಿನಲ್ಲಿ ಯಾವ ರೂಪದಲ್ಲಿ ಬಂದಿತ್ತೆಂದು ಯೋಚಿಸಿದಾಗ, ಅವಳನ್ನು ಬರಿಯ ಅಜ್ಞಾನಿಯೆಂದು ತಳ್ಳಿಹಾಕಲು ಮನಸ್ಸು ಬರಲಿಲ್ಲ. ದಂಗೆ ಅಡಗಿತು. ಮರುವರ್ಷ, ಊರಿನ ರೊಟ್ಟಿ ಮತ್ತು ಬಿಯರಿನ ದರ, ತೂಕ, ಅಳತೆಗಳ ಮೇಲಿನ ಅಧಿಕಾರವೂ ವಿಶ್ವವಿದ್ಯಾನಿಲಯದ ಕೈಸೇರಿತು.

ಮುಂದಿನ ಶತಮಾನದಲ್ಲಿ ಊರಿನ ಒಡಲೇ ಬದಲಾಯಿತು. 1441ರಲ್ಲಿ ಆರನೆಯ ಹೆನ್ರಿ ದೊರೆ ಕಿಂಗ್ಸ್ ಕಾಲೇಜನ್ನು ಸ್ಥಾಪಿಸಿದ. ಅದಕ್ಕಾಗಿ ಹೊಳೆಗೂ ದೊಡ್ಡ ಬೀದಿಗೂ ನಡುವಿದ್ದ ಮನೆಗಳು, ಅಂಗಡಿಗಳು, ಸರಕು ಇಳಿಸುವ ಕಟ್ಟೆಗಳು, ಒಂದು ಇಗರ್ಜಿ ಎಲ್ಲವೂ ನೆಲಸಮವಾದುವು. ಮಿಲ್ನ್ ಸ್ಟ್ರೀಟ್, ಎಂದರೆ ಗಿರಣಿಯ ಬೀದಿ, ನಡುವೆಯೇ ತುಂಡಾಯಿತು. ಅದರ ಎರಡು ಕೊನೆಗಳು ಇಂದು ಟ್ರಿನಿಟಿ ಲೇನ್, ಕ್ವೀನ್ಸ್ ಲೇನ್ ಎಂಬ ಕಾಲೇಜುಗಳ ಹೆಸರಿನ ಓಣಿಗಳಾಗಿವೆ. ಆ ದೊಡ್ಡ ಬೀದಿಗೂ ಮುಂದೆ ಕಿಂಗ್ಸ್ ಪರೇಡ್ ಎಂಬ ಹೆಸರು ಬಂದಿತು. ಜಗತ್ತೇ ಬಂದು ನೋಡುವ, 1446ರಲ್ಲಿ ಆರಂಭವಾಗಿ ಕಟ್ಟಡದ ಮಟ್ಟಿಗೆ 1515ರಲ್ಲಿ ಮುಗಿದ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಮುಂದೆ ನಾನೂ ನಿಂತೆ. ಬೀಸಣಿಗೆ ಬಿಚ್ಚಿದಂಥ ಅದರ ಕಲ್ಲಿನ ಮಾಳಿಗೆಯನ್ನು ಕಂಡು ಬೆರಗಾದೆ. ಅದರ ಸುತ್ತಲಿನ ಹಸುರು ಹಾಸಿನ ಕೆಳಗೆ ಒಂದು ಬೀದಿ ಮಲಗಿದೆಯೆಂಬುದು ಆಗ ನನಗೆ ತಿಳಿದಿರಲಿಲ್ಲ.

ಹೀಗೆ ಊರನ್ನು ಗೆದ್ದ ವಿದ್ವಾಂಸರಿಗೆ ಊರಿನ ನಿಜವಾದ ಹುಟ್ಟು ಸಾಲದಾಯಿತು. ಬಾಡಿಗೆ ಮನೆಯಲ್ಲಿ ಹುಟ್ಟಿದೆವೆಂದು ಹೇಳಿಕೊಳ್ಳುವುದು ಹೇಗೆ? ಆದ್ದರಿಂದ ಒಂದು ಸ್ಥಳಪುರಾಣ ಸಿದ್ಧವಾಯಿತು. ಕ್ರಿಸ್ತಪೂರ್ವ ಕಾಲದಲ್ಲಿ ಸ್ಪೇನ್ ದೇಶದಿಂದ ಕ್ಯಾಂಟಬರ್ ಎಂಬ ರಾಜಕುಮಾರ ಬಂದನಂತೆ. ಬ್ರಿಟನ್ನಿನ ಅರಸನ ಮಗಳನ್ನು ಮದುವೆಯಾದನಂತೆ. ಅಥೆನ್ಸಿನಿಂದ ತತ್ತ್ವಜ್ಞಾನಿಗಳನ್ನು ಕರೆಸಿ ವಿದ್ಯಾಪೀಠವನ್ನು ಕಟ್ಟಿದನಂತೆ. ಅವನ ಹೆಸರಿನಿಂದಲೇ ಕಾಂಟಬ್ರಿಜಿಯ ಎಂದಾಯಿತಂತೆ! ನಾರ್ಮನ್ನರ ನಾಲಗೆ ತೊಡರಿ ಹುಟ್ಟಿದ ರೂಪದಿಂದ ಒಬ್ಬ ರಾಜಕುಮಾರನೇ ಎದ್ದುಬಂದ. 1564ರಲ್ಲಿ ಎಲಿಜಬೆತ್ ರಾಣಿ ಕೇಂಬ್ರಿಜಿಗೆ ಬಂದಾಗ, ಅವಳನ್ನು ಸ್ವಾಗತಿಸಿದ ಭಾಷಣದಲ್ಲಿ ಕೇಂಬ್ರಿಜೇ ಆಕ್ಸ್‌ಫರ್ಡಿಗಿಂತ ಹಳೆಯದೆಂಬ ಮಾತು ಬಂದಿತು. ಆಕ್ಸ್‌ಫರ್ಡಿನವರು ಸುಮ್ಮನಿದ್ದಾರೆಯೆ? ತಮ್ಮ ವಿದ್ಯಾಪೀಠ ಇನ್ನೂ ಪ್ರಾಚೀನವೆಂದು ಅಲ್ಲಿಯ ಥಾಮಸ್ ಕೀಸ್ ಬರೆದ. ಅದಕ್ಕೆ ಉತ್ತರವಾಗಿ ಕೇಂಬ್ರಿಜಿನ ಜಾನ್ ಕೀಸ್ 1568ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿ, ತಾನು ಪಕ್ಷಪಾತಿಯಲ್ಲವೆಂದು ತೋರಲೋ ಎಂಬಂತೆ, ಅದರ ಮೇಲೆ ತನ್ನ ಹೆಸರಿಗೆ ಬದಲಾಗಿ ‘ಲಂಡನ್ನಿನವನೊಬ್ಬ’ ಎಂದು ಹಾಕಿಸಿದ. ಈ ಜಾನ್ ಕೀಸ್ ಸಾಮಾನ್ಯನಲ್ಲ. ದೊಡ್ಡ ವೈದ್ಯ, ಗಾನ್‌ವಿಲ್ ಹಾಲ್ ಎಂಬ ಹಳೆಯ ಸಂಸ್ಥೆಯನ್ನು 1557ರಲ್ಲಿ ತನ್ನ ಹಣದಿಂದ ಪುನಃ ಕಟ್ಟಿ ಅದಕ್ಕೆ ತನ್ನ ಹೆಸರನ್ನೂ ಸೇರಿಸಿದವನು. ಅಂಥವನೂ ಈ ಕಥೆಯನ್ನು ನಂಬಿ ವಾದಿಸಿದ.

ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಕಡವು. ಕೇಂಬ್ರಿಜ್ ಎಂದರೆ ಗಾಡಿಗಳು ಹೊಳೆ ದಾಟುವ ಸೇತುವೆ. ಎತ್ತಿನ ಊರೂ ಗಾಡಿಯ ಊರೂ ಗ್ರೀಕ್ ತತ್ತ್ವಜ್ಞಾನಿಗಳಿಗಾಗಿ ಜಗಳವಾಡಿದುವು. ನಗುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. ಹಳ್ಳಿಯ ಹೆಸರಿಗೆ ಋಷಿಯೊಬ್ಬನನ್ನೋ ಪಾಂಡವರನ್ನೋ ಹುಡುಕಿ ತರುವ ಚಪಲ ನಮ್ಮ ಪಂಡಿತರಲ್ಲಿ ಕಡಮೆಯಿಲ್ಲ.

ಅತ್ತ ಸುಳ್ಳು ರಾಜಕುಮಾರನಿಗಾಗಿ ಗ್ರಂಥಗಳು ಹುಟ್ಟುತ್ತಿದ್ದ ಕಾಲದಲ್ಲಿ, ಇತ್ತ ಊರಿನಲ್ಲಿ ನಿಜವಾದ ಒಬ್ಬ ಮನುಷ್ಯ ಬಾಳುತ್ತಿದ್ದ. ಥಾಮಸ್ ಹಾಬ್ಸನ್, ಕೇಂಬ್ರಿಜಿಗೂ ಲಂಡನ್ನಿಗೂ ನಡುವೆ ಗಾಡಿ ಹೊಡೆ೦ುುವವನು. ಅವನು ವಿದ್ಯಾರ್ಥಿಗಳಿಗೆ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಎಲ್ಲರೂ ಒಳ್ಳೆಯ ಕುದುರೆಯನ್ನೇ ಕೇಳಿದರೆ ಅದು ಸತ್ತುಹೋದೀತೆಂದು, ಲಾಯದ ಬಾಗಿಲ ಬಳಿ ಸರದಿಯಲ್ಲಿ ನಿಂತ ಕುದುರೆಯನ್ನೇ ಒಯ್ಯಬೇಕು, ಇಲ್ಲವೆ ನಡೆದುಹೋಗಬೇಕು ಎಂದು ನಿಯಮ ಮಾಡಿದ. ಇಂಗ್ಲಿಷಿನಲ್ಲಿ ‘ಹಾಬ್ಸನ್ನನ ಆಯ್ಕೆ’ ಎಂಬ ನುಡಿಗಟ್ಟು ಬಂದದ್ದು ಇದರಿಂದ. 1614ರ ಹೊತ್ತಿಗೆ ಊರೂ ವಿಶ್ವವಿದ್ಯಾನಿಲಯವೂ ಕೂಡಿ, ಊರಾಚೆಯ ಒರತೆಗಳಿಂದ ಮಾರುಕಟ್ಟೆಗೆ ಸಿಹಿನೀರಿನ ಕಾಲುವೆಯನ್ನು ತಂದರು. ಅದಕ್ಕೆ ಇಂದು ಹಾಬ್ಸನ್ನನ ಹೆಸರೇ ನಿಂತಿದೆ. 1631ರಲ್ಲಿ ಅವನು ಸತ್ತಾಗ, ಅಲ್ಲಿ ವಿದ್ಯಾರ್ಥಿಯಾಗಿದ್ದ ಮಿಲ್ಟನ್ ಅವನ ಮೇಲೆ ಎರಡು ಕವನಗಳನ್ನು ಬರೆದ.

ಆದರೆ ಹಾಬ್ಸನ್ ಬಡವರಿಗೆ ಕಸುಬು ಕಲಿಸಲೆಂದು ಕೊಟ್ಟ ಜಾಗದಲ್ಲಿ ಎದ್ದ ಮನೆಯ ಗತಿಯನ್ನೂ ಹೇಳಬೇಕು. ಅದಕ್ಕೆ ಸ್ಪಿನ್ನಿಂಗ್ ಹೌಸ್, ನೂಲುವ ಮನೆ, ಎಂದು ಹೆಸರಾಯಿತು. ಕಾಲಕ್ರಮದಲ್ಲಿ ಅದು ವಿಶ್ವವಿದ್ಯಾನಿಲಯದ ಸೆರೆಮನೆಯಾಯಿತು. ವಿದ್ಯಾರ್ಥಿಗಳನ್ನು ಕೆಡಿಸುವಳೆಂದು ಶಂಕೆ ಬಂದರೆ ಸಾಕು, ಊರಿನ ಯಾವ ಹೆಣ್ಣನ್ನಾದರೂ ಹಿಡಿದು ಅಲ್ಲಿ ಕೂಡುವ ಅಧಿಕಾರ ಅದಕ್ಕಿತ್ತು. 1846ರಲ್ಲಿ ಎಲಿಜಬೆತ್ ಹೌ ಎಂಬ ಹುಡುಗಿ ಅಲ್ಲಿ ಒಂದು ರಾತ್ರಿ ಒದ್ದೆ ಹಾಸಿಗೆಯ ಮೇಲೆ ಮಲಗಿ, ಜ್ವರ ಬಂದು ಸತ್ತಳು. 1891ರಲ್ಲಿ ಡೇಸಿ ಹಾಪ್‌ಕಿನ್ಸ್ ಎಂಬ ಹದಿನೇಳರ ಹುಡುಗಿಯನ್ನು, ವಿಶ್ವವಿದ್ಯಾನಿಲಯದವನೊಬ್ಬನೊಡನೆ ನಡೆದುಹೋಗುತ್ತಿದ್ದಳೆಂದು ಹಿಡಿದರು. ಹಾಗೆ ನಡೆದುಹೋಗುವುದು ಅಪರಾಧವೇ ಅಲ್ಲವೆಂದು ಲಂಡನ್ನಿನ ನ್ಯಾಯಾಲಯ ಅವಳನ್ನು ಬಿಡಿಸಿತು. 1894ರಲ್ಲಿ ಶಾಸನವಾಗಿ ಆ ಅಧಿಕಾರ ಕೊನೆಗೊಂಡಿತು. ಓದಲು ಬಂದ ಹೆಣ್ಣುಮಕ್ಕಳ ಪಾಡೂ ಸುಲಭವಾಗಿರಲಿಲ್ಲ. ಅವರಿಗಾಗಿ ಗರ್ಟನ್ 1869ರಲ್ಲಿ, ನ್ಯೂನಮ್ 1871ರಲ್ಲಿ ಆರಂಭವಾದುವು. ಆದರೆ 1921ರಲ್ಲಿ ಅವರಿಗೆ ದೊರೆತದ್ದು ಹೆಸರಿಗೆ ಮಾತ್ರ ಪದವಿ. ಗಂಡಸರಂತೆ ಪೂರ್ಣ ಪದವಿ ದೊರೆತದ್ದು 1948ರಲ್ಲಿ.

ಇಷ್ಟೆಲ್ಲ ಆದರೂ ಕೇಂಬ್ರಿಜ್ ಶಾಸನದ ದೃಷ್ಟಿಯಲ್ಲಿ ಪಟ್ಟಣವಾಗಿಯೇ ಉಳಿದಿತ್ತು. ಅದಕ್ಕೆ ನಗರ ಎಂಬ ಪದವಿಯನ್ನು ಆರನೆಯ ಜಾರ್ಜ್ ದೊರೆ ಕೊಟ್ಟದ್ದು 1951ರಲ್ಲಿ. ವರ್ತಕರಿಗೆ ಜಾನ್ ದೊರೆ ಸನದು ಕೊಟ್ಟು ಅಂದಿಗೆ 750 ವರ್ಷ. ನ್ಯೂಟನ್ ಓದಿದ, ಡಾರ್ವಿನ್ ಓದಿದ, ನಮ್ಮ ದೇಶದ ರಾಮಾನುಜನ್ 1914ರಿಂದ 1919ರವರೆಗೆ ಇದ್ದು ಗಣಿತವನ್ನು ಬೆಳಗಿದ ಊರು ಆವರೆಗೂ ನಗರವಾಗಿರಲಿಲ್ಲ!

ಹೆಸರು ಮಾತ್ರ ಊರಿಗಿಂತ ಮುಂಚೆಯೇ ಹೊರಟು ದೂರ ಹೋಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂಟೌನ್ ಎಂಬ ಹಳ್ಳಿ, ಅಲ್ಲಿ ಕಾಲೇಜು ಆರಂಭವಾದುದರಿಂದ, 1638ರಲ್ಲಿ ಕೇಂಬ್ರಿಜ್ ಎಂದು ಹೆಸರು ಬದಲಿಸಿಕೊಂಡಿತು. ಆ ಕಾಲೇಜಿಗೆ ತನ್ನ ಪುಸ್ತಕಗಳನ್ನೂ ಆಸ್ತಿಯ ಅರ್ಧವನ್ನೂ ಬಿಟ್ಟುಹೋದ ಜಾನ್ ಹಾರ್ವರ್ಡ್ ಕೇಂಬ್ರಿಜಿನಲ್ಲಿ ಓದಿದವನು. ನಮ್ಮ ಬೆಂಗಳೂರಿನ ಹಲಸೂರಿನಲ್ಲಿಯೂ ಒಂದು ಕೇಂಬ್ರಿಜ್ ರಸ್ತೆಯಿದೆ. ಅಲ್ಲಿ ಸೇತುವೆಯೂ ಇಲ್ಲ, ಗ್ರಾಂಟವೂ ಇಲ್ಲ. ಹೆಸರಿನ ಅರ್ಥ ಸವೆದು, ವಿದ್ಯೆಯ ಪ್ರತಿಷ್ಠೆಯೊಂದೇ ಉಳಿದಿದೆ.

ಪ್ರತಿಷ್ಠೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ವಿಶ್ವವಿದ್ಯಾನಿಲಯ ಮನುಷ್ಯನ ತಿಳಿವಳಿಕೆಗೆ ಕೊಟ್ಟದ್ದು ಅಪಾರ. ಆದರೆ ಅದು ಹೊತ್ತಿರುವ ಹೆಸರು ಅದರದ್ದಲ್ಲ, ಊರಿನಿಂದ ಪಡೆದದ್ದು. ಆ ಹೆಸರನ್ನು ಕಟ್ಟಿದವರು ಮರದ ತೊಲೆಗಳನ್ನು ಹೊತ್ತು ಹೊಳೆಗೆ ಸೇತುವೆ ಹಾಕಿದವರು. ಅದನ್ನು ಸವೆಸಿ ನುಣುಪು ಮಾಡಿದವರು ಸಂತೆಗೆ ಹೋಗಿ ಬರುತ್ತಿದ್ದವರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ವಿದ್ವಾಂಸರು ಅವರ ಜಾಗದಲ್ಲಿ ಒಬ್ಬ ಸ್ಪೇನಿನ ರಾಜಕುಮಾರನನ್ನು ಕೂರಿಸಿದರು. ನಾನು ಇಲ್ಲದ ಒಂದು ನದಿಯನ್ನು ಹರಿಸಿದೆ. ಅವರ ತಪ್ಪು ದೊಡ್ಡದು, ನನ್ನದು ಸಣ್ಣದು. ಆದರೆ ಜಾತಿ ಒಂದೇ. ಗೊತ್ತಿರುವ ಅಕ್ಷರಗಳನ್ನು ನೋಡಿ, ಗೊತ್ತಿಲ್ಲದ ಜನರನ್ನು ವಿಚಾರಿಸದೆ ಹೋಗುವುದು.

ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಹಂಪೆಯ ಉದಾಹರಣೆಯನ್ನು ಹಾಗೆಯೇ ಇಟ್ಟುಕೊಳ್ಳಿ. ಕೇಂಬ್ರಿಜಿನದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಊರಿನಿಂದ ನದಿಗೆ’ ಎಂದು ಬರೆದುಕೊಳ್ಳಿ. ಅಂದು ಕೊಟ್ಟ ಅಂಕಗಳನ್ನು ನಾನು ಹಿಂದಕ್ಕೆ ಕೇಳುವುದಿಲ್ಲ.